ಒನಕೆಯ ಸದ್ದು, ಹುಟ್ಟಿನ ಸದ್ದು: ಕೋಲಾರದ ಕೆರೆಯಲ್ಲಿ ನಾನು ರೋಯಿಂಗ್ ಕಲಿತದ್ದು

ಹದಿನೈದು ವರ್ಷ ತುಂಬುವವರೆಗೂ ನಾನು ನಮ್ಮ ಕಡೆಯ ಕೆರೆಯಲ್ಲಿ ತುಂಬು ನೀರು ನೋಡಿರಲಿಲ್ಲ. ಕೆರೆ ಅಂದರೆ ನಮಗೆ ಜಾಲಿ ಮರಗಳ ಕಾಡು. ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಿದ್ದರು. ಅಜ್ಜಿ ಸೌದೆಗೆ ಹೋಗುತ್ತಿದ್ದಳು. ನಾನು ರಜದ ದಿನ ಹಸು ಹೊಡೆದುಕೊಂಡು ಹೋಗುತ್ತಿದ್ದೆ. ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಲಾರ್ ನದಿ ಹೆಸರಿಗೆ ಇದೆ, ನೀರಿಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಎಷ್ಟೋ ಸಲ ಬರುವುದು ಬರೀ ಧೂಳು. ಅಂಥ ಕಡೆ ಹುಟ್ಟಿದ ನಾನು ರೋಯಿಂಗ್, ಅಂದರೆ ಹುಟ್ಟು ಹಾಕಿ ದೋಣಿ ಓಡಿಸುವ ಆಟ, ಕಲಿತೆ. ಅದು ಹೇಗೆ ಅಂತ ಬರೆಯುತ್ತಿದ್ದೇನೆ. ನಮ್ಮ ಕಡೆ ಇನ್ನೂ ಹತ್ತು ಮಕ್ಕಳು ಕಲಿಯಲಿ ಅನ್ನುವ ಆಸೆಯಿಂದ.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಡೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಪೈಪಿನಲ್ಲಿ ನಮ್ಮ ಜಿಲ್ಲೆಗೆ ಕಳಿಸುತ್ತಾರೆ. ಪಟ್ಟಿಯಲ್ಲಿ 126 ಕೆರೆಗಳಿದ್ದವು. ಒಂದು ಕೆರೆ ತುಂಬಿ ಮುಂದಿನದಕ್ಕೆ ಹರಿಯಬೇಕು. ನಮ್ಮ ಪಕ್ಕದೂರಿನ ದೊಡ್ಡ ಕೆರೆಗೆ ನೀರು ಮುಟ್ಟುವ ಹೊತ್ತಿಗೆ ವರ್ಷಗಳೇ ಹಿಡಿದವು. ಆಮೇಲೆ 2021ರ ನವೆಂಬರ್ ಮಳೆ ಹಿಡಿಯಿತು. ಕೆರೆ ಕೋಡಿ ಹೋಯಿತು. ಊರಿಗೆ ಊರೇ ಏರಿ ಮೇಲೆ ನಿಂತಿತ್ತು. ಅಜ್ಜಿ ಅರಿಶಿನ ಕುಂಕುಮ ಹಾಕಿ ಬಾಗಿನ ಬಿಟ್ಟಳು. ಅಲೆ ಬಂದು ಏರಿಯ ಕಲ್ಲಿಗೆ ಬಡಿಯುವ ಸದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು.

ಫೆಬ್ರವರಿಯಲ್ಲಿ ನಮ್ಮ ಕಾಲೇಜಿನ ಪಿ.ಟಿ. ಮೇಷ್ಟ್ರು ಒಬ್ಬರನ್ನು ಕರೆದುಕೊಂಡು ಬಂದರು. ಸೇನೆಯಿಂದ ನಿವೃತ್ತರಾದ ಹವಾಲ್ದಾರ್. ಬೆಂಗಳೂರಿನ ಹಲಸೂರು ಕೆರೆಯಲ್ಲಿ ವರ್ಷಗಟ್ಟಲೆ ರೋಯಿಂಗ್ ಮಾಡಿದವರು. ಪಕ್ಕದೂರು ಅವರ ಹೆಂಡತಿಯ ತವರು. ಕೆರೆ ತುಂಬಿದ್ದು ನೋಡಿ, ಹಳೆಯ ಎರಡು ದೋಣಿ, ಎರಡು ರೋಯಿಂಗ್ ಯಂತ್ರ ಹೇಗೋ ಹೊಂಚಿ ತಂದಿದ್ದರು. ನಾವು ಅವರನ್ನು ಬರೀ "ಸಾರ್" ಅಂತಲೇ ಕರೆಯುವುದು, ಇಲ್ಲೂ ಹಾಗೇ ಬರೆಯುತ್ತೇನೆ. ಅವತ್ತು ಕ್ಲಾಸಿನ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿ, "ಎದ್ದು ನಿಲ್ಲಮ್ಮ" ಅಂದರು. ನಾನು ಐದಡಿ ಏಳಿಂಚು ಇದ್ದೆ. ಈ ಉದ್ದಕ್ಕೆ ಗಂಡು ಹುಡುಕುವುದು ಕಷ್ಟ ಅಂತ ನೆಂಟರು ಆಗಲೇ ಮಾತಾಡಿಕೊಳ್ಳುತ್ತಿದ್ದರು. ಸಾರ್ "ಕೈ ಚಾಚು" ಅಂದರು. ಚಾಚಿದೆ. "ದೋಣಿಗೆ ಇಂಥ ಕೈ ಬೇಕು. ಬರ್ತೀಯಾ?" ಅಂದರು. ನನ್ನ ಎತ್ತರ ಒಂದು ಕೆಲಸಕ್ಕೆ ಬೇಕಾಗಿದೆ ಅಂತ ಯಾರೋ ಹೇಳಿದ್ದು ಅದೇ ಮೊದಲು. ಬರ್ತೀನಿ ಅಂದೆ.

ಮನೆಯಲ್ಲಿ ಒಪ್ಪಿಸುವುದು ಸುಲಭ ಆಗಲಿಲ್ಲ. ಅಪ್ಪನಿಗೆ ನೀರಿನ ಭಯ. ನಮ್ಮ ಕಡೆ ಕೃಷಿ ಹೊಂಡಕ್ಕೆ ಬಿದ್ದು ಮಕ್ಕಳು ಹೋಗುವುದು ಎಲ್ಲರಿಗೂ ಗೊತ್ತು. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕಾಲು ಜಾರಿದರೆ ಹತ್ತಿ ಬರಲು ಹಿಡಿತವೇ ಸಿಗುವುದಿಲ್ಲ. ಅಮ್ಮನಿಗೆ ಬೆಳಗಿನ ಕೆಲಸದ ಚಿಂತೆ. ನಾಲ್ಕು ಸೀಮೆ ಹಸು. ಬೆಳಿಗ್ಗೆ ಎರಡನ್ನು ನಾನೇ ಕರೆಯುತ್ತಿದ್ದೆ. ಹಾಲು ಡೇರಿಗೆ ಹೊತ್ತಿಗೆ ಸರಿಯಾಗಿ ಹೋಗಬೇಕು. ಸಾರ್ ಒಂದು ಸಂಜೆ ಮನೆಗೇ ಬಂದರು. ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಾ ಅಪ್ಪನಿಗೆ ದತ್ತು ಭೋಕನಾಳ್ ಕಥೆ ಹೇಳಿದರು. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಬರಪೀಡಿತ ಹಳ್ಳಿಯ ಹುಡುಗ. ಬಾವಿ ತೋಡುವ ಮನೆತನ. ಸೇನೆ ಸೇರಿದ ಮೇಲೆ ಮೊದಲ ಸಲ ಹುಟ್ಟು ಹಿಡಿದವರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ, ಒಬ್ಬರೇ ಎರಡು ಹುಟ್ಟು ಹಾಕುವ ಸಿಂಗಲ್ ಸ್ಕಲ್ಸ್‌ನಲ್ಲಿ 13ನೇ ಸ್ಥಾನ, 2018ರ ಏಷ್ಯನ್ ಗೇಮ್ಸ್‌ನಲ್ಲಿ ನಾಲ್ವರ ದೋಣಿಯಲ್ಲಿ ಚಿನ್ನ. ಅದಕ್ಕೂ ಮೊದಲು, 2010ರಲ್ಲಿ ಏಷ್ಯನ್ ಗೇಮ್ಸ್ ರೋಯಿಂಗ್‌ನಲ್ಲಿ ದೇಶಕ್ಕೆ ಮೊದಲ ಚಿನ್ನ ತಂದ ಬಜರಂಗ್ ಲಾಲ್ ತಾಖರ್ ರಾಜಸ್ಥಾನದ ಸಿಕರ್ ಕಡೆಯವರು. "ಮರಳುಗಾಡಿನವರು ಮಾಡಿದ್ದನ್ನ ಕೋಲಾರದವರು ಮಾಡಬಾರದಾ?" ಅಂದರು ಸಾರ್. ಅಪ್ಪ ಬಾವಿ ತೋಡುವವರ ಮಾತು ಬಂದಾಗಲೇ ಮೆತ್ತಗಾಗಿದ್ದರು. ನಮ್ಮ ತಾತನೂ ಬಾವಿ ತೋಡಿದವರೇ. "ಈಜು ಕಲಿಸಿ ಆಮೇಲೆ ದೋಣಿ ಹತ್ತಿಸಿ" ಅಂತ ಒಂದೇ ಷರತ್ತು ಹಾಕಿದರು. ಅಮ್ಮನ ಜೊತೆ ನಾನೇ ಮಾತಾಡಿ, ಬೆಳಗಿನ ಎರಡು ಹಸು ಅವಳಿಗೆ, ಸಂಜೆಯ ನಾಲ್ಕೂ ನನಗೆ ಅಂತ ಮಾಡಿಕೊಂಡೆ.

ಈಜಿನ ಷರತ್ತು ಸಾರ್‌ದೂ ಆಗಿತ್ತು. ಬಟ್ಟೆ ಹಾಕಿಕೊಂಡೇ 50 ಮೀಟರ್ ಈಜಬೇಕು, ಐದು ನಿಮಿಷ ತೇಲಬೇಕು. ಅಲ್ಲಿವರೆಗೆ ದೋಣಿ ಮುಟ್ಟುವ ಹಾಗಿಲ್ಲ. ನಾನು ಈಜು ಕಲಿತದ್ದು ತಾತನ ಬಾವಿಯಲ್ಲೇ. ನಾನು ಕಂಡಾಗಿನಿಂದ ಅದು ತಳ ಒಡೆದ ಮಡಕೆ, ಹಳೇ ಚಪ್ಪಲಿ ಎಸೆಯುವ ಗುಂಡಿ. ಕೆರೆ ತುಂಬಿದ ಮೇಲೆ ಅದಕ್ಕೂ ಒರತೆ ಬಂತು. ಅಪ್ಪ ಮತ್ತು ಚಿಕ್ಕಪ್ಪ ಮೂರು ದಿನ ಕಸ ಎತ್ತಿದರು. ಮೆಟ್ಟಿಲು ಗಟ್ಟಿಯಾಗೇ ಇದ್ದವು. ಅಪ್ಪ ಚಿಕ್ಕವರಿದ್ದಾಗ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಕಲಿತಿದ್ದರಂತೆ. ನನಗೆ ಎರಡು ಎಣ್ಣೆ ಕ್ಯಾನು ಕಟ್ಟಿದರು. ಎರಡು ವಾರ ಎರಡು ಕ್ಯಾನು, ಆಮೇಲೆ ಒಂದು, ಆಮೇಲೆ ಖಾಲಿ ಬೆನ್ನು. ಅಪ್ಪ ಮೆಟ್ಟಿಲ ಮೇಲೆ ಹಗ್ಗ ಹಿಡಿದು ಕೂತಿರುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ಇದನ್ನು ಓದುವ ಹುಡುಗ ಹುಡುಗಿಯರಿಗೆ ನಾನು ಒತ್ತಿ ಹೇಳುವುದು ಇದನ್ನೇ. ಈಜು ಬಾರದೆ ದೋಣಿ ಹತ್ತಬೇಡಿ. ಲೈಫ್ ಜಾಕೆಟ್ ಇದೆಯಲ್ಲ ಅಂತ ಯಾರಾದರೂ ಅಂದರೂ ಹತ್ತಬೇಡಿ. ದೊಡ್ಡವರು ಇಲ್ಲದೆ ಬಾವಿಗೂ ಇಳಿಯಬೇಡಿ.

ನಮ್ಮ ದೋಣಿಮನೆ ಅಂದರೆ ಒಂದು ಹಳೇ ರೇಷ್ಮೆ ಹುಳು ಮನೆ. ನೀರಿಲ್ಲದೆ ಹಿಪ್ಪುನೇರಳೆ ತೋಟ ಒಣಗಿದ ಮೇಲೆ ಅದು ಖಾಲಿ ಬಿದ್ದಿತ್ತು. ಉದ್ದನೆಯ ಮನೆ, ಗಾಳಿ ಚೆನ್ನಾಗಿ ಆಡುತ್ತೆ. ದೋಣಿಗೆ ಹೇಳಿ ಕಟ್ಟಿಸಿದ ಹಾಗಿತ್ತು. ನಾಲ್ಕು ಜನರ ಕ್ವಾಡ್ ದೋಣಿ ಹೆಚ್ಚು ಕಡಿಮೆ 13 ಮೀಟರ್ ಉದ್ದ. ನಮ್ಮದು ಎರಡು ತುಂಡಾಗಿ ಲಾರಿಯಲ್ಲಿ ಬಂತು. ಬೋಲ್ಟ್ ಹಾಕಿ ಸೇರಿಸಿದೆವು. ರೇಸಿನ ದೋಣಿಗಳು ಎಷ್ಟು ಹಗುರ ಅಂತ ಗೊತ್ತಾದಾಗ ನನಗೆ ನಂಬಲು ಆಗಲಿಲ್ಲ. ಒಬ್ಬರು ಕೂರುವ ಸಿಂಗಲ್ ದೋಣಿ ಎಂಟು ಮೀಟರ್ ಉದ್ದ ಇದ್ದರೂ, ನಿಯಮದ ಪ್ರಕಾರ ಅದರ ಕನಿಷ್ಠ ತೂಕ 14 ಕಿಲೋ. ನಮ್ಮ ಮಾರುಕಟ್ಟೆಯ ಒಂದು ಟೊಮೆಟೊ ಬಾಕ್ಸ್ 15 ಕಿಲೋ ಬರುತ್ತೆ ಅಲ್ವಾ, ಅದಕ್ಕಿಂತ ಒಂದು ಕಿಲೋ ಕಮ್ಮಿ! ನಾಲ್ಕು ಜನರ ಕ್ವಾಡ್‌ಗೆ 52 ಕಿಲೋ. ನಮ್ಮದು ಕಲಿಯುವವರ ದೋಣಿ, ಅಗಲ ಜಾಸ್ತಿ, ತೂಕವೂ ಜಾಸ್ತಿ.

ಮೊದಲ ಆರು ವಾರ ದೋಣಿ ಗೋಡೆ ಪಕ್ಕ ಮಲಗಿತ್ತು, ನಾವು ಯಂತ್ರದ ಮೇಲೆ ಕೂತೆವು. ಅದಕ್ಕೆ ಎರ್ಗ್ ಅಂತಾರೆ. ಸೀಟು ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ಕಾಲು ಪಟ್ಟಿಯಲ್ಲಿ ಬಿಗಿದಿರುತ್ತದೆ. ಸರಪಳಿ ಎಳೆದರೆ ಮುಂದಿರುವ ಚಕ್ರ ಗಾಳಿ ಕಡೆಯುತ್ತಾ ಗುಯ್ ಅನ್ನುತ್ತದೆ. ಪರದೆಯ ಮೇಲೆ 500 ಮೀಟರಿಗೆ ಎಷ್ಟು ಹೊತ್ತು ಅಂತ ಬರುತ್ತದೆ. ಪಕ್ಕದಲ್ಲಿ ಒಂದರಿಂದ ಹತ್ತರವರೆಗೆ ಒಂದು ಸಣ್ಣ ಹಿಡಿ ಇದೆ. ಹುಡುಗರು ಬಂದ ಕೂಡಲೇ ಅದನ್ನು ಹತ್ತಕ್ಕೆ ತಳ್ಳುತ್ತಿದ್ದರು. ಸಾರ್ ನಾಲ್ಕಕ್ಕೆ ತಂದು ಅಲ್ಲೇ ಬಿಡುತ್ತಿದ್ದರು. ಹತ್ತಕ್ಕೆ ಇಟ್ಟರೆ ಭಾರದ ದೋಣಿ ಎಳೆದ ಹಾಗೆ, ಕಲಿಯುವವರ ಸೊಂಟ ಹಿಡಿಯುತ್ತೆ ಅಷ್ಟೇ. ಎಷ್ಟು ವೇಗ ಬರಬೇಕು ಅನ್ನುವುದು ನಮ್ಮ ಕಾಲಿನ ಕೈಯಲ್ಲೇ ಇದೆ.

ಹೌದು, ಕಾಲಿನದೇ ಕೆಲಸ. ಹುಟ್ಟು ಹಾಕುವುದು ತೋಳಿನ ಕೆಲಸ ಅಂತ ನಾನೂ ಅಂದುಕೊಂಡಿದ್ದೆ. ಸಾರ್ ನಮಗೆ ಬಾಯಿಪಾಠ ಮಾಡಿಸಿದ್ದು ಆರು ಮಾತು. ಎಳೆಯುವಾಗ ಕಾಲು, ಬೆನ್ನು, ಕೈ. ವಾಪಸ್ ಬರುವಾಗ ಕೈ, ಬೆನ್ನು, ಕಾಲು. ಮೊದಲು ಕಾಲಿನಿಂದ ಒದೆಯಬೇಕು, ತೋಳು ಹಗ್ಗದ ಹಾಗೆ ನೇರ ಇರಬೇಕು. ಕಾಲು ನೆಟ್ಟಗಾದ ಮೇಲೆ ಬೆನ್ನು ಹಿಂದಕ್ಕೆ. ಕೊನೆಗೆ ಕೈ ಪಕ್ಕೆಲುಬಿನ ಕೆಳಗೆ ಬರಬೇಕು. ವಾಪಸ್ ಹೋಗುವಾಗ ಇದೇ ತಲೆಕೆಳಗು. ಕೈ ಮೊಣಕಾಲು ದಾಟಿದ ಮೇಲೆಯೇ ಮೊಣಕಾಲು ಏಳಬೇಕು. ಮೊದಲೇ ಎದ್ದರೆ ಹಿಡಿ ಮೊಣಕಾಲಿನ ಮೇಲೆ ಹತ್ತಿ ಇಳಿಯಬೇಕಾಗುತ್ತೆ, ದೋಣಿಯಲ್ಲಿ ಹುಟ್ಟು ನೀರಿಗೆ ತಾಗುತ್ತೆ. ಬಾಯಲ್ಲಿ ಹೇಳಲು ಅರ್ಧ ನಿಮಿಷ ಸಾಕು. ಮೈಗೆ ಬರಲು ನನಗೆ ಎರಡು ತಿಂಗಳಾಯಿತು. ರಾತ್ರಿ ಚಾಪೆ ಮೇಲೆ ಕೂತು ಬಟ್ಟೆ ಒಣಗಿಸುವ ಕೋಲು ಹಿಡಿದು ಮಾಡುತ್ತಿದ್ದೆ.

ನನ್ನ ದೊಡ್ಡ ತೊಂದರೆ ಹಿಡಿತ. ಸಾರ್ ಒಂದು ದಿನ ನನ್ನ ಹಿಂದೆ ನಿಂತು ನೋಡಿ, "ನೀನು ಹಾಲು ಕರೀತೀಯಾ?" ಅಂತ ಕೇಳಿದರು. ಹೌದು ಸಾರ್ ಅಂದೆ. "ಅದಕ್ಕೇ. ಹುಟ್ಟನ್ನ ಕೆಚ್ಚಲ ಹಾಗೆ ಹಿಡೀತಿದ್ದೀಯ." ನಿಜ. ಹಾಲು ಕರೆಯುವಾಗ ಹೆಬ್ಬೆರಳು, ತೋರುಬೆರಳಿಂದ ಮೇಲೆ ಮುಚ್ಚಿ, ಒಂದೊಂದೇ ಬೆರಳು ಅದುಮುತ್ತಾ ಕೆಳಗೆ ಬರಬೇಕು. ಮುಂಗೈಯೆಲ್ಲ ಬಿಗಿಯಾಗುತ್ತದೆ. ಹುಟ್ಟಿಗೆ ಅದು ಬೇಡ. ಬೆರಳುಗಳು ಕೊಕ್ಕೆಯ ಹಾಗೆ ಹಿಡಿಗೆ ತಗುಲಿಕೊಂಡಿದ್ದರೆ ಸಾಕು. ಹೆಬ್ಬೆರಳು ಹಿಡಿಯ ತುದಿಯ ಮೇಲೆ ಮೆತ್ತಗೆ ಒತ್ತಿಕೊಂಡಿರಬೇಕು. ಮಣಿಕಟ್ಟು ಸಡಿಲ. ಹುಟ್ಟು ನೀರಿನಿಂದ ಎದ್ದ ಮೇಲೆ ಅದರ ಎಲೆಯನ್ನು ನೀರಿಗೆ ಸಮನಾಗಿ ಮಲಗಿಸಬೇಕು, ಗಾಳಿ ತಡೆಯದ ಹಾಗೆ. ಮತ್ತೆ ನೀರಿಗೆ ಬಿಡುವ ಮುಂಚೆ ನಿಲ್ಲಿಸಬೇಕು. ಇಷ್ಟೂ ಬೆರಳಿನ ತುದಿಯಲ್ಲಿ ಆಗುವ ಕೆಲಸ. ಮುಷ್ಟಿ ಬಿಗಿದವರಿಗೆ ಆಗುವುದಿಲ್ಲ. ಬೆಳಿಗ್ಗೆ ಬೆರಳು ಸಡಿಲ ಬಿಡುವುದು, ಸಂಜೆ ನಾಲ್ಕು ಹಸುವಿಗೆ ಬೆರಳು ಬಿಗಿಯುವುದು. ಎರಡೂ ಒಂದೇ ಕೈಗೆ ಕಲಿಸಬೇಕಿತ್ತು.

ಏಪ್ರಿಲ್‌ನಲ್ಲಿ ದೋಣಿ ನೀರಿಗಿಳಿಯಿತು. ನಮ್ಮ ಕೆರೆಯಲ್ಲಿ ದೋಣಿ ಹತ್ತಲು ಕಟ್ಟೆ, ಜೆಟ್ಟಿ ಏನೂ ಇಲ್ಲ. ಗೋಡಿನಲ್ಲಿ ಮೊಣಕಾಲುದ್ದ ಇಳಿದು, ಹೆಗಲಿಂದ ದೋಣಿ ಇಳಿಸಿ, ತಳದ ಪುಟ್ಟ ರೆಕ್ಕೆ ನೆಲಕ್ಕೆ ತಾಗದ ಹಾಗೆ ತೇಲಿಸಿ, ಒಬ್ಬೊಬ್ಬರೇ ಕೂರಬೇಕು. ಕಾಲು ತೊಳೆದೇ ಹತ್ತಬೇಕು. ಮಣ್ಣು ಹಳಿಗೆ ಹೋದರೆ ಸೀಟು ಕಚ್ಚಿಕೊಳ್ಳುತ್ತೆ. ರೋಯಿಂಗ್‌ನಲ್ಲಿ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತೇವೆ. ನಮಗೆ ಕಾಣುವುದು ಬಿಟ್ಟು ಬಂದ ದಡ. ದಾರಿ ನೋಡುವವನು ಕಾಕ್ಸ್, ಅವನು ಹಿಂದಿನ ತುದಿಯಲ್ಲಿ ನಮ್ಮ ಕಡೆ ಮುಖ ಮಾಡಿ ಕೂರುತ್ತಾನೆ. ನಮ್ಮ ಕಾಕ್ಸ್ ತಂಡದಲ್ಲೇ ಚಿಕ್ಕವನು, ಒಂಬತ್ತನೇ ಕ್ಲಾಸು. ಅವನು "ಈಸಿ ಆಲ್" ಅಂದರೆ ಎಲ್ಲರೂ ನಿಲ್ಲಿಸಲೇಬೇಕು, ಯಾಕೆ ಅಂತ ಕೇಳುವ ಹಾಗಿಲ್ಲ.

ಎರಡು ಹುಟ್ಟಿನ ಪದ್ಧತಿಯಲ್ಲಿ ಹಿಡಿಗಳು ನಡುವೆ ಒಂದರ ಮೇಲೊಂದು ಹಾದು ಹೋಗುತ್ತವೆ. ಎಡಗೈ ಮೇಲೆ, ಬಲಗೈ ಕೆಳಗೆ. ಆ ತಿಂಗಳೆಲ್ಲ ಎಡಗೈಯ ಉಗುರು ತಾಗಿ ಬಲಗೈ ಗೆಣ್ಣುಗಳ ಮೇಲೆ ಸಿಪ್ಪೆ ಎದ್ದಿತ್ತು. ಅಂಗೈಯಲ್ಲಿ ಬೊಕ್ಕೆ. ಬೊಕ್ಕೆಯ ಚರ್ಮ ಕೀಳಬಾರದು. ಕಾಯಿಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆದು, ಸೋಪು ಹಚ್ಚಿ ತೊಳೆದು, ಒಣಗಲು ಬಿಡಬೇಕು. ನಮ್ಮ ಕೆರೆಯಲ್ಲಿ ಇದನ್ನು ಇನ್ನೂ ಹುಷಾರಾಗಿ ಮಾಡಬೇಕು. ನೀರು ಎರಡೇ ಹಂತ ಶುದ್ಧವಾದದ್ದು. ಗಾಯಕ್ಕೆ ಪಟ್ಟಿ ಹಾಕದೆ ದೋಣಿ ಹತ್ತುವ ಹಾಗಿರಲಿಲ್ಲ. ಇಳಿದ ಕೂಡಲೇ ಡ್ರಮ್ಮಿನ ನೀರಿನಲ್ಲಿ ಕೈ ಕಾಲು ಮುಖ ತೊಳೆಯದೆ ಕಡಲೆಕಾಯಿಗೂ ಕೈ ಹಾಕುವ ಹಾಗಿರಲಿಲ್ಲ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಕೋಲಾರದವರು ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ. ಆ ನೀರಿನಲ್ಲಿ ದಿನಾ ಕೈ ಅದ್ದಿದವಳಾಗಿ ನಾನೂ ಅದನ್ನೇ ಕೇಳುತ್ತೇನೆ. ಈ ನೀರು ನಮ್ಮ ಬಾವಿಗೆ ಜೀವ ಕೊಟ್ಟಿದೆ. ಅದು ಇನ್ನೂ ಚೊಕ್ಕಟ ಆಗಲೇಬೇಕು.

ಮಗುಚಿ ಬೀಳುವುದನ್ನೂ ಅಭ್ಯಾಸ ಮಾಡಿಸಿದರು. ದಡದ ಹತ್ತಿರ, ಎದೆಮಟ್ಟ ನೀರಿನಲ್ಲಿ, ಬೇಕೆಂದೇ ದೋಣಿ ಮಗುಚುವುದು. ಕಾಲಿನ ಪಟ್ಟಿ ಒಂದೇ ಎಳೆತಕ್ಕೆ ಬಿಚ್ಚಬೇಕು. ಶೂ ಹಿಮ್ಮಡಿಗೆ ದಾರ ಕಟ್ಟಿರುತ್ತಾರೆ, ಕಾಲು ತಾನಾಗಿ ಹೊರಗೆ ಬರಲಿ ಅಂತ. ದೋಣಿ ಹತ್ತುವ ಮುಂಚೆ ಆ ದಾರ ಇದೆಯಾ ಅಂತ ನಾನು ಈಗಲೂ ಮುಟ್ಟಿ ನೋಡುತ್ತೇನೆ. ಬಿದ್ದ ಮೇಲೆ ದೋಣಿ ಬಿಟ್ಟು ಈಜಬಾರದು. ದೋಣಿಯ ಎರಡು ತುದಿಯಲ್ಲೂ ಗಾಳಿ ತುಂಬಿದ ಕೋಣೆ ಇರುತ್ತೆ, ತಲೆಕೆಳಗಾದರೂ ಮುಳುಗುವುದಿಲ್ಲ. ಅದನ್ನು ತಬ್ಬಿಕೊಂಡಿರಬೇಕು. ದಡ ಹತ್ತಿರ ಕಂಡರೂ ಅಷ್ಟೇ.

ಈಗ ನಾನು ಬರೆಯಲೇಬೇಕು ಅಂದುಕೊಂಡ ವಿಷಯ. ಜೂನ್ ಹೊತ್ತಿಗೆ ನಾಲ್ವರಿಗೂ ಒಬ್ಬೊಬ್ಬರಾಗಿ ಚೆನ್ನಾಗಿಯೇ ಬರುತ್ತಿತ್ತು. ಒಟ್ಟಿಗೆ ಹೊರಟರೆ ದೋಣಿ ಹಾವಿನ ಹಾಗೆ ಹೊರಳುತ್ತಿತ್ತು. ಒಂದು ಸಲ ಎಡಕ್ಕೆ ವಾಲುವುದು, ಒಂದು ಸಲ ಬಲಕ್ಕೆ. ನಾನು ಎರಡನೇ ಸೀಟು. ಮುಂದೆ ಕೂತವಳ ಬೆನ್ನು ಕಣ್ಣು ಬಿಟ್ಟು ನೋಡುತ್ತಾ, ಅವಳು ಹೊರಟ ಕೂಡಲೇ ನಾನೂ ಹೊರಡುತ್ತಿದ್ದೆ. ಆದರೂ ತಡ ಆಗುತ್ತಿತ್ತು. ಒಂದು ದಿನ ತಡವಾಗಿ ಬಿಟ್ಟ ಹುಟ್ಟು ಓರೆಯಾಗಿ ನೀರಿನಲ್ಲಿ ಸಿಕ್ಕಿಕೊಂಡಿತು. ಕ್ರ್ಯಾಬ್ ಅಂತಾರೆ ಅದಕ್ಕೆ. ದೋಣಿಯ ವೇಗವೆಲ್ಲ ಆ ಎಲೆಯ ಮೇಲೆ ಬಿದ್ದು, ಹಿಡಿ ಬಂದು ನನ್ನ ಪಕ್ಕೆಗೆ ಗುದ್ದಿತು. ಉಸಿರೇ ನಿಂತ ಹಾಗಾಯಿತು. ಒಂದು ವಾರ ಬಗ್ಗಿ ಹಸು ಕರೆಯಲು ಆಗಲಿಲ್ಲ.

ಅಜ್ಜಿ ಬಿಸಿ ಉಪ್ಪಿನ ಗಂಟು ಶಾಖ ಕೊಡುತ್ತಾ, ಏನಾಯಿತು ಹೇಳು ಅಂದಳು. ನಾಲ್ಕು ಜನ ಒಟ್ಟಿಗೆ ಹುಟ್ಟು ಹಾಕಬೇಕು ಅಜ್ಜಿ, ನಾನು ನೋಡಿಕೊಂಡೇ ಹಾಕ್ತೀನಿ, ಆದರೂ ತಪ್ಪುತ್ತೆ ಅಂದೆ. ಅಜ್ಜಿ ಕೈ ನಿಲ್ಲಿಸಿದಳು. "ನೋಡಿದರೆ ತಪ್ಪುತ್ತೆ ಕಣೇ. ನಾನು, ನಮ್ಮ ಓರಗಿತ್ತಿ ಒಂದೇ ಒರಳಿಗೆ ಎರಡು ಒನಕೆ ಹಾಕ್ತಿದ್ವಿ. ಅವಳ ಒನಕೆ ನೋಡ್ತಾ ಕೂತಿದ್ರೆ ಕೈ ಜಜ್ಜಿಹೋಗ್ತಿತ್ತು. ಒನಕೆ ಸದ್ದು ಕೇಳಬೇಕು. ಸದ್ದು ಬಂದ ಮೇಲೆ ಎತ್ತಿದರೆ ತಡ ಆಯ್ತು. ಸದ್ದು ಬರೋ ಹೊತ್ತಿಗೆ ಎತ್ತಿರಬೇಕು." ಒನಕೆ ಹಿಡಿದ ಹಾಗೆ ಕೈ ಮಾಡಿ ತೋರಿಸಿದಳು. ಎತ್ತುವಾಗ ನಿಧಾನ, ತುದಿಗೆ ಹೋದ ಮೇಲೆ ಒಂದು ಚೂರು ನಿಂತ ಹಾಗೆ, ಆಮೇಲೆ ಬಿಡುವುದು. ಸಾರ್ ದಿನಾ ಹೇಳುತ್ತಿದ್ದ ಅದೇ ಲೆಕ್ಕ: ಎಳೆಯಲು ಒಂದು ಪಾಲು ಹೊತ್ತು, ವಾಪಸ್ ಬರಲು ಎರಡು ಪಾಲು.

ಮುಂದಿನ ವಾರ ದೋಣಿಯಲ್ಲಿ ನಾನು ಸದ್ದು ಹುಡುಕಿದೆ. ಸದ್ದುಗಳು ಮೊದಲಿನಿಂದ ಇದ್ದೇ ಇದ್ದವು. ಹುಟ್ಟಿನ ಎಲೆ ಮಲಗಿಸುವಾಗ ಹುಟ್ಟಿನ ಕೋಲಿಗೆ ಹಾಕಿದ ಪಟ್ಟಿ ಅದನ್ನು ಹಿಡಿದಿಡುವ ಕೊಂಡಿಗೆ ತಾಗಿ ಟಕ್ ಅನ್ನುತ್ತೆ. ನಾಲ್ವರಿಂದ ಎಂಟು ಟಕ್. ಆಮೇಲೆ ಸೀಟಿನ ಗಾಲಿಗಳು ಹಳಿಯ ಮೇಲೆ ಹೊರಳುವ ಸದ್ದು, ರಾಗಿ ಕಲ್ಲು ತಿರುಗಿದ ಹಾಗೆ. ಆಮೇಲೆ ನೀರಿಗೆ ಬಿಡುವ ಸದ್ದು. ನಮ್ಮದು ಟಟಕ್-ಟಕ್-ಟಟಕ್ ಅಂತ ಚೆಲ್ಲಾಪಿಲ್ಲಿ. ನಾನು ಬೆನ್ನು ನೋಡುವುದು ಬಿಟ್ಟು, ಗಾಲಿಯ ಸದ್ದಿನ ಜೊತೆಗೆ ಮುಂದೆ ಸರಿದೆ. ವಾಪಸ್ ಬರುವಾಗ ಆತುರ ಪಟ್ಟರೆ ನನ್ನ ಗಾಲಿಯೇ ಜೋರಾಗಿ ಕೇಳುತ್ತಿತ್ತು, ಕೂಡಲೇ ಗೊತ್ತಾಗುತ್ತಿತ್ತು. ಸಾರ್‌ಗೆ ಅಜ್ಜಿ ಹೇಳಿದ್ದು ಹೇಳಿದೆ. ಅವರು ತಕ್ಷಣ ನಾಲ್ವರಿಗೂ ಕಣ್ಣು ಮುಚ್ಚಿಕೊಂಡು ಹತ್ತು ಎಳೆತ ಹಾಕಲು ಹೇಳಿದರು. ಏಳನೆಯದೋ ಎಂಟನೆಯದೋ ಇರಬೇಕು. ಎಂಟೂ ಸೇರಿ ಒಂದೇ ಟಕ್. ದೋಣಿ ವಾಲುವುದು ನಿಂತಿತು. ಅಡಿಯಲ್ಲಿ ನೀರು ಸುಯ್ ಅಂತ ಹರಿಯುವುದು ಕೇಳಿಸಿತು. ಮುಂದಿನ ಸಲ ಮತ್ತೆ ಚದುರಿಹೋಯಿತು, ಆದರೆ ಅದು ಹೇಗಿರುತ್ತೆ ಅಂತ ನಾಲ್ವರಿಗೂ ತಿಳಿದಿತ್ತು. ಕಾಕ್ಸ್ ಒಬ್ಬನೇ ಕಣ್ಣು ಬಿಟ್ಟಿದ್ದವನು. "ಅಕ್ಕಾ, ದೋಣಿ ಎದ್ದು ಹೋಯ್ತು" ಅಂದ. ಅವತ್ತು ಮನೆಗೆ ಬಂದು ಅಜ್ಜಿಯ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ.

ಹೊಸದಾಗಿ ಸೇರುವವರು ಕೇಳುವ ಒಂದೆರಡು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬಟ್ಟೆ ಮೈಗೆ ಅಂಟಿದ ಹಾಗಿರಬೇಕು. ಸಡಿಲ ಟಾಪ್ ಹಾಕಿದರೆ ಹಿಡಿ ಅದರೊಳಗೆ ಸಿಕ್ಕಿಕೊಳ್ಳುತ್ತೆ, ಉದ್ದ ಅಂಚು ಗಾಲಿಗೆ ಹೋಗುತ್ತೆ. ಊರಿನಲ್ಲಿ ಮಾತು ಬರುತ್ತೆ ಅಂತ ನಾವು ಹುಡುಗಿಯರು ಮನೆಯಿಂದ ಚೂಡಿದಾರದಲ್ಲಿ ಹೋಗಿ, ಹುಳು ಮನೆಯಲ್ಲಿ ಬದಲಾಯಿಸುತ್ತಿದ್ದೆವು. ಮುಟ್ಟಿನ ದಿನ ಸಾರ್ ಹೆಂಡತಿಗೆ ಹೇಳಿದರೆ ಸಾಕಿತ್ತು. ಆಗುತ್ತೆ ಅಂದವರು ಎರ್ಗ್ ಮಾಡುತ್ತಿದ್ದರು, ಆಗಲ್ಲ ಅಂದವರನ್ನು ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಊಟಕ್ಕೆ ಪೌಡರು ಗೀಡರು ಏನೂ ಬೇಕಾಗಲಿಲ್ಲ. ಹೊರಡುವ ಮುಂಚೆ ಒಂದು ಲೋಟ ರಾಗಿ ಅಂಬಲಿ, ಇಳಿದ ಮೇಲೆ ಕಡಲೆಕಾಯಿ ಬೆಲ್ಲ, ಮನೆಗೆ ಬಂದು ಮುದ್ದೆ, ಕಾಳು ಸಾರು, ಹಾಲು. ಪರೀಕ್ಷೆ ತಿಂಗಳಲ್ಲಿ ವಾರಕ್ಕೆ ಎರಡೇ ದಿನ ಹೋಗುತ್ತಿದ್ದೆ. ಆಷಾಢದಲ್ಲಿ ಗಾಳಿ ಬಿಡುವುದಿಲ್ಲ. ಬೆಳಿಗ್ಗೆ ಏಳಕ್ಕೆಲ್ಲ ಅಲೆ ಎದ್ದು ದೋಣಿಯೊಳಗೆ ನೀರು ಹೊಡೆಯುತ್ತೆ. ಆ ತಿಂಗಳು ಪೂರ್ತಿ ಎರ್ಗ್ ಅಂತಲೇ ಇಟ್ಟುಕೊಳ್ಳುವುದು ವಾಸಿ.

ರೋಯಿಂಗ್‌ನ ದೊಡ್ಡ ಸ್ಪರ್ಧೆಗಳ ದೂರ 2000 ಮೀಟರ್. ಎರ್ಗ್ ಮೇಲೆ ನನ್ನ ಮೊದಲ 2000 ಮೀಟರ್ 9 ನಿಮಿಷ 52 ಸೆಕೆಂಡು. ಒಂದು ವರ್ಷದ ಮೇಲೆ 8 ನಿಮಿಷ 47. ಬೆಂಗಳೂರಿನಲ್ಲಿ ಒಂದು ಎರ್ಗ್ ಸ್ಪರ್ಧೆಗೂ ಹೋಗಿ ಬಂದೆ, ಮಧ್ಯದಲ್ಲಿ ಎಲ್ಲೋ ಬಂದೆ. 2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅರ್ಜುನ್ ಲಾಲ್ ಜಾಟ್, ಅರವಿಂದ್ ಸಿಂಗ್ ಜೋಡಿ ಬೆಳ್ಳಿ ಗೆದ್ದಾಗ ಹುಳು ಮನೆಯಲ್ಲಿ ಒಂದೇ ಫೋನಿಗೆ ಒಂಬತ್ತು ತಲೆ ಬಗ್ಗಿದ್ದವು. ನಾನು ಅವರ ಕೈ ನೋಡುತ್ತಿದ್ದೆ. ವಾಪಸ್ ಹೋಗುವಾಗ ಬೆರಳು ಎಷ್ಟು ಸಡಿಲ ಅಂತ.

ನಮ್ಮ ಕೆರೆಯ ದೊಡ್ಡ ಅಪಾಯ ಜಾಲಿ. ಇಪ್ಪತ್ತು ವರ್ಷ ಒಣಗಿದ್ದ ಅಂಗಳದಲ್ಲಿ ಬೆಳೆದ ಮರಗಳು ನೀರು ಬಂದ ಮೇಲೆ ನಿಂತಲ್ಲೇ ಸತ್ತವು. ಕೊಂಬೆಗಳನ್ನು ಊರವರು ಕಡಿದರು, ಬುಡ ನೀರಿನಡಿ ಉಳಿಯಿತು. ಕೆರೆಯ ಮೀನು ಗುತ್ತಿಗೆ ಹಿಡಿದ ಅಣ್ಣನಿಗೆ ಪ್ರತಿ ಬುಡವೂ ಗೊತ್ತು, ಅವನ ಬಲೆ ಹರಿಯುವುದೂ ಅಲ್ಲೇ. ಮೊದಮೊದಲು ನಮ್ಮ ಹುಟ್ಟು ಅವನ ಬಲೆಗೆ ಸಿಕ್ಕಿ ಜಗಳ ಆಗಿತ್ತು. ಆಮೇಲೆ ಅವನೇ ಹರಿಗೋಲಿನಲ್ಲಿ ಬಂದು ಬುಡ ಇರುವ ಕಡೆಯೆಲ್ಲ ಬಿಳಿ ಕ್ಯಾನು ಕಟ್ಟಿಕೊಟ್ಟ. ಆದರೂ ಡಿಸೆಂಬರಿನ ಒಂದು ಮಂಜಿನ ಬೆಳಿಗ್ಗೆ ಕಾಕ್ಸ್‌ಗೆ ಕ್ಯಾನು ಕಾಣಲಿಲ್ಲ. ದೋಣಿಯ ತಳ ಗರ್ ಅಂತ ಹೆರೆದುಕೊಂಡು ಹೋಗಿ ಒಂದು ಗೇಣು ಬಿರುಕು ಬಿಟ್ಟಿತು. ಆ ಮಂಜಿನಲ್ಲಿ ನಾವು ಹೊರಡಲೇಬಾರದಿತ್ತು. ಎದುರಿನ ದಡ ಕಾಣದಿದ್ದರೆ ದೋಣಿ ಇಳಿಸುವುದಿಲ್ಲ ಅನ್ನುವ ನಿಯಮ ಆ ದಿನವೇ ಗೋಡೆ ಮೇಲೆ ಬರೆದದ್ದು. ಬಸ್ಸಿನ ಬಾಡಿಗೆ ಫೈಬರ್ ಕೆಲಸ ಮಾಡುವವರೊಬ್ಬರು ಬಂದು ತಳ ಮುಚ್ಚಿಕೊಟ್ಟರು.

2024ರ ಬೇಸಿಗೆಗೆ ಮಳೆ ಇಲ್ಲದೆ ಕೆರೆ ಇಳಿಯಿತು. ಬುಡಗಳು ಒಂದೊಂದೇ ತಲೆ ಎತ್ತಿದವು. ಸಾರ್ ಮತ್ತು ಮೀನಿನ ಅಣ್ಣ ಸೇರಿ ಹಗ್ಗ ಹಿಡಿದು, ಏರಿಗೆ ಸಮನಾಗಿ 600 ಮೀಟರ್ ಉದ್ದಕ್ಕೆ ಎರಡು ಗೆರೆ ಹಾಕಿದರು. ನಾವು ಒಂಬತ್ತು ಜನ, ಅಪ್ಪ, ಚಿಕ್ಕಪ್ಪ, ಇನ್ನೂ ಕೆಲವು ಮನೆಯವರು ಕೊಡಲಿ, ಹಾರೆ ತಗೊಂಡು ಇಳಿದೆವು. ಒಣ ಜಾಲಿ ಕಬ್ಬಿಣದ ಹಾಗೆ. ಕೊಡಲಿ ಪುಟಿದು ವಾಪಸ್ ಬರುತ್ತೆ. ನಾಲ್ಕು ಭಾನುವಾರ ಹಿಡಿಯಿತು, 31 ಬುಡ ಕಿತ್ತೆವು. ಅಂಗೈಯಲ್ಲಿ ಮತ್ತೆ ಬೊಕ್ಕೆ ಬಂತು, ಈ ಸಲ ಅಪ್ಪನಿಗೂ.

ಕೆರೆ ಮತ್ತೆ ತುಂಬಿದ ಮೇಲೆ ಆ ಗೆರೆಯ ಮೇಲೆ ಮೊದಲ ದಿನ ಹೋದಾಗ ಹೊಸ ಬ್ಯಾಚಿನ ಇಬ್ಬರು ಹುಡುಗಿಯರು ನಮ್ಮ ಜೊತೆ ದೋಣಿಯಲ್ಲಿದ್ದರು. ನಾನು ಈಗ ಕಾಕ್ಸ್‌ಗೆ ಎದುರಾಗಿ ಕೂರುವ ಸ್ಟ್ರೋಕ್ ಸೀಟಿನಲ್ಲಿದ್ದೇನೆ, ಲಯ ಕೊಡುವವಳು ನಾನೇ. ನನ್ನ ಬೆನ್ನ ಹಿಂದೆ ಆರು ಹುಟ್ಟುಗಳು. ಏರಿ ಮೇಲೆ ಅಜ್ಜಿ ಕೋಲು ಊರಿಕೊಂಡು ನಿಂತಿದ್ದಳು. ಎಂಟು ಹುಟ್ಟು ಇನ್ನೂ ಎಂಟು ಸದ್ದು ಮಾಡುತ್ತಿದ್ದವು. "ನನ್ನ ಬೆನ್ನು ನೋಡಬೇಡ್ರೇ, ಗಾಲಿ ಕೇಳಿ" ಅಂದೆ. ಮುನ್ನೂರು ಮೀಟರ್ ದಾಟುವ ಹೊತ್ತಿಗೆ ಐದು ಸದ್ದಾಗಿತ್ತು.